ಗೇಟು ತಿರುಗಿಸಿದರೆ ಸಾಕು, ಪಂಪು ಬದಲಿಸಬೇಕಿಲ್ಲ

ಮುಳವಾಡ ಏತ ನೀರಾವರಿಯ ಪಂಪುಗಳು ಆಲಮಟ್ಟಿಯ ಹಿನ್ನೀರನ್ನು ಮೇಲೆತ್ತಿ ಕಾಲುವೆಗೆ ಬಿಡುತ್ತವೆ. ಆ ನೀರು ಕೆರೆ ತುಂಬುವುದೋ, ಹೊಲಕ್ಕೆ ಹೋಗುವುದೋ ಪಂಪಿಗೆ ಗೊತ್ತಿಲ್ಲ. ದಾರಿ ತೋರುವುದು ಗೇಟು. ಈ ಭಾಗದ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವವರು ಮೊದಲು ಈ ಕಾಲುವೆಯ ದಂಡೆಗೆ ಕರೆದೊಯ್ಯಬೇಕು.

ಪ್ರೋಗ್ರಾಂ ಕೂಡ ಆ ಪಂಪಿನ ಹಾಗೆ. ಶುರುವಾಗುವಾಗಲೇ ಅದಕ್ಕೆ ಮೂರು ಹರಿವುಗಳು ಸಿಕ್ಕಿರುತ್ತವೆ. ಅವುಗಳ ಸಂಖ್ಯೆ: 0 ಒಳಬರುವ ಮಾಹಿತಿಗೆ, 1 ಹೊರಹೋಗುವ ಫಲಿತಾಂಶಕ್ಕೆ, 2 ದೋಷದ ಸುದ್ದಿಗೆ. ಸಾಮಾನ್ಯವಾಗಿ ಮೊದಲನೆಯದು ಕೀಬೋರ್ಡಿಗೆ, ಉಳಿದೆರಡು ಪರದೆಗೆ ಸೇರಿರುತ್ತವೆ. ಟರ್ಮಿನಲ್‌ನಲ್ಲಿ ಆದೇಶದ ಮುಂದೆ '>' ಬರೆದು ಫೈಲಿನ ಹೆಸರು ಕೊಟ್ಟರೆ ಫಲಿತಾಂಶ ಫೈಲಿಗೆ ಇಳಿಯುತ್ತದೆ. '<' ಬರೆದರೆ ಕೀಬೋರ್ಡಿನ ಬದಲು ಫೈಲೇ ಉತ್ತರ ಕೊಡುತ್ತದೆ. ದೋಷಕ್ಕೆ ಬೇರೆ ದಾರಿ ಇರುವುದರಿಂದ ಅದು ಲೆಕ್ಕದಲ್ಲಿ ಬೆರೆಯದೆ ಪರದೆಯಲ್ಲೇ ಕಣ್ಣಿಗೆ ಬೀಳುತ್ತದೆ.

ನೀರಿನ ಹೋಲಿಕೆ ನಮ್ಮದಷ್ಟೇ ಅಲ್ಲ. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್, ತೋಟದ ಪೈಪುಗಳನ್ನು ಜೋಡಿಸಿದಂತೆ ಪ್ರೋಗ್ರಾಂಗಳನ್ನೂ ಜೋಡಿಸುವಂತಿರಬೇಕು ಎಂದು ಬರೆದಿಟ್ಟರು. 1973ರಲ್ಲಿ ಅಲ್ಲಿನ ಕೆನ್ ಥಾಂಪ್ಸನ್ ಅದನ್ನು ಆಪರೇಟಿಂಗ್ ಸಿಸ್ಟಂ ಆದ ಯೂನಿಕ್ಸ್‌ನಲ್ಲಿ ಕಟ್ಟಿ ತೋರಿಸಿದರು.

ಕೋಡಿನ ಒಳಗಿಂದಲೂ ದಾರಿ ತಿರುಗಿಸಬಹುದು. ಪೈಥಾನ್ ಭಾಷೆಯಲ್ಲಿ 3.4ನೇ ಆವೃತ್ತಿಯಿಂದ ಇದಕ್ಕೆಂದೇ ಒಂದು ಸೌಲಭ್ಯವಿದೆ. ಕೆಲಸದ ನಡುವೆ ದೋಷ ಬಂದರೂ ಅದು ಹರಿವನ್ನು ಹಳೆಯ ದಾರಿಗೆ ಮರಳಿಸುತ್ತದೆ. ನಾವೇ ತಿರುಗಿಸಿ ಮರಳಿಸಲು ಮರೆತರೆ ಮುಂದಿನ ಸಾಲುಗಳೆಲ್ಲ ತಪ್ಪು ಕೆರೆಗೆ ಹರಿಯುತ್ತವೆ.

ಕನ್ನಡಿಗರು ಎಚ್ಚರ ವಹಿಸಬೇಕಾದ ಜಾಗ ಒಂದಿದೆ. ವಿಂಡೋಸ್‌ನಲ್ಲಿ ಪರದೆಯ ಮೇಲೆ ಚೆನ್ನಾಗಿ ಮೂಡಿದ ಕನ್ನಡ, ಫೈಲಿಗೆ ತಿರುಗಿಸಿದೊಡನೆ ದೋಷವಾಗಿ ನಿಲ್ಲುವುದುಂಟು. ಫೈಲಿಗೆ ಹೋಗುವಾಗ ಪೈಥಾನ್ ಕನ್ನಡ ಅಕ್ಷರಗಳಿಲ್ಲದ ಹಳೆಯ ಸಂಕೇತ ಪಟ್ಟಿಯನ್ನು ಹಿಡಿಯಬಹುದು. ಯುಟಿಎಫ್-8 ಬಳಸೆಂದು ಮೊದಲೇ ಹೇಳಿದರೆ ಅಕ್ಷರಗಳು ಉಳಿಯುತ್ತವೆ.

ಇನ್ನೊಂದು ಗುಟ್ಟು: ಪರದೆಗೆ ಸಾಲುಸಾಲಾಗಿ ಬರುವ ಫಲಿತಾಂಶ, ಫೈಲಿಗೆ ಹೋಗುವಾಗ ಒಳಗೇ ತುಂಬಿಕೊಂಡು ಒಮ್ಮೆಗೇ ಇಳಿಯುತ್ತದೆ. ಫೈಲು ಖಾಲಿ ಕಂಡಿತೆಂದು ಗಾಬರಿಯಾಗಬೇಡಿ. ಕಾಲುವೆ ತುಂಬದೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

ಹೀಗೆ ದಾರಿ ತಿರುಗಿಸುವುದರ ದೊಡ್ಡ ಲಾಭ ಪ್ರೋಗ್ರಾಂಗಳ ಪರೀಕ್ಷೆಯಲ್ಲಿದೆ. ಪ್ರಶ್ನೆಯ ಫೈಲನ್ನು ಒಳಗೆ ಹರಿಸಿ, ಹೊರಬಂದ ಉತ್ತರವನ್ನು ಸರಿಯುತ್ತರದೊಡನೆ ಹೋಲಿಸಿದರೆ ಯಂತ್ರವೇ ತೀರ್ಪು ಕೊಡುತ್ತದೆ. ಆದ್ದರಿಂದ ಪ್ರೋಗ್ರಾಂ ಬರೆಯುವವರು ಉತ್ತರ ಎಲ್ಲಿಗೆ ಹೋಗಬೇಕೆಂದು ಅದರೊಳಗೇ ಕೂಡಿಸಿ ಬಿಗಿಯಬಾರದು. ದಾರಿ ಬಿಚ್ಚಿಟ್ಟ ಪ್ರೋಗ್ರಾಂ, ಬರೆದವರು ನೆನೆಯದ ಹೊಲಕ್ಕೂ ನೀರುಣಿಸುತ್ತದೆ.