ಆಟಿಕೆ ಉಗಿ ಎಂಜಿನ್ ಕೆಟ್ಟಿದೆಯಾ? ಬೆಂಕಿ ಹಚ್ಚೋ ಮುಂಚೆ ಇದನ್ನು ಓದಿ

ನೋಡೋಕೆ ಆಟಿಕೆ. ಆದರೆ ಒಳಗಿರೋದು ನಿಜವಾದ ಬಾಯ್ಲರ್. ನೀರು ಹಾಕಿ ಬೆಂಕಿ ಹಚ್ಚಿದರೆ ಉಗಿಯಿಂದಲೇ ಓಡುವ ಪುಟ್ಟ ರೈಲು ಎಂಜಿನ್ ಇಂಗ್ಲೆಂಡಿನಲ್ಲಿ ಇವತ್ತಿಗೂ ಹಲವರ ಹವ್ಯಾಸ. ಇದರಲ್ಲಿ ಮ್ಯಾಮೋಡ್ ಹೆಸರುವಾಸಿ ಕಂಪನಿ. 1930ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾಗಿ, 1979ರಲ್ಲಿ ಹಳಿ ಮೇಲೆ ಓಡುವ ಎಂಜಿನ್ ತಂದಿತು. ನಮ್ಮ ಮೈಸೂರಿನ ರೈಲು ಮ್ಯೂಸಿಯಂ ಶುರುವಾಗಿದ್ದೂ ಅದೇ ವರ್ಷ. ಇಂಥ ಹಳೇ ಎಂಜಿನ್‌ಗಳನ್ನು ಅಲ್ಲಿನವರು ಮನೆಯಲ್ಲೇ ರಿಪೇರಿ ಮಾಡಿಕೊಳ್ತಾರೆ.

ತೂಗುವ ಸಿಲಿಂಡರ್

ಮ್ಯೂಸಿಯಂನ ದೊಡ್ಡ ಎಂಜಿನ್‌ನಲ್ಲಿ ಸಿಲಿಂಡರ್ ಅಲುಗಾಡಲ್ಲ. ಮ್ಯಾಮೋಡ್‌ನಲ್ಲಿ ಸಿಲಿಂಡರೇ ತೊಟ್ಟಿಲಿನ ಹಾಗೆ ತೂಗುತ್ತೆ. ತೂಗುವಾಗ ಅದರ ತೂತು ಒಮ್ಮೆ ಉಗಿ ಬರುವ ತೂತಿಗೆ, ಇನ್ನೊಮ್ಮೆ ಉಗಿ ಹೊರಹೋಗುವ ತೂತಿಗೆ ಕೂಡುತ್ತೆ. ಎರಡು ಲೋಹದ ಮುಖಗಳನ್ನು ಒತ್ತಿ ಹಿಡಿಯೋದು ಒಂದು ಸಣ್ಣ ಸ್ಪ್ರಿಂಗ್. ಆ ಮುಖದಲ್ಲಿ ಗೀರು ಬಿದ್ದರೆ ಉಗಿ ಅಲ್ಲೇ ಸೋರಿ, ಎಂಜಿನ್ ನಿಂತುಬಿಡುತ್ತೆ.

ತೊಂದರೆ ಹುಡುಕೋದು ಹೇಗೆ?

ಬೆಂಕಿ ಬೇಡ. ಬಾಯ್ಲರ್ ಬಿಟ್ಟು, ಸಿಲಿಂಡರ್‌ಗೆ ಹೋಗುವ ಪೈಪಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಸೇರುವ ಜಾಗಗಳಿಗೆ ಸೋಪು ನೀರು ಹಚ್ಚಿ. ಗುಳ್ಳೆ ಬಂದ ಕಡೆ ಸೋರಿಕೆ ಇದೆ, ಪಂಕ್ಚರ್ ಅಂಗಡಿಯ ಲೆಕ್ಕವೇ. ಮುಖ ಗೀರಿದ್ದರೆ, ದಪ್ಪ ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರ್ ಇಟ್ಟು, ನೀರು ಹಾಕಿ, ಸಮನಾಗಿ ಉಜ್ಜಬೇಕು. ಆಮೇಲೆ ಪುಡಿ ಪೂರ್ತಿ ತೊಳೆಯಬೇಕು. ಚಕ್ರಕ್ಕೆ ಹೊಲಿಗೆ ಮಷೀನಿನ ಎಣ್ಣೆ ಸಾಕು, ಸಿಲಿಂಡರ್‌ಗೆ ಮಾತ್ರ ದಪ್ಪನೆಯ ಸ್ಟೀಮ್ ಆಯಿಲ್ಲೇ ಬೇಕು. ತೆಳು ಎಣ್ಣೆ ಉಗಿಯ ಜೊತೆ ತೊಳೆದು ಹೋಗುತ್ತೆ.

ಬಾಯ್ಲರ್ ವಿಷಯದಲ್ಲಿ ಹುಷಾರು

ನೀರು ಉಗಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತೆ. ಅದಕ್ಕೇ ಕುಕ್ಕರಿನ ಹಾಗೆ ಇದಕ್ಕೂ ಸೇಫ್ಟಿ ವಾಲ್ವ್ ಇದೆ. ಅದು ಸೋರುತ್ತೆ ಅಂತ ಬೋಲ್ಟ್ ಹಾಕಿ ಮುಚ್ಚಿದರೆ, ಸ್ಪ್ರಿಂಗ್ ಬಿಗಿ ಮಾಡಿದರೆ, ಅದು ಬಾಂಬಿಗೆ ಸಮ. ವಾಲ್ವ್ ಹೊಸದೇ ಹಾಕಿ.

ಸೋರುವ ಬಾಯ್ಲರ್‌ಗೆ ರೇಡಿಯೋ ರಿಪೇರಿಯವರ ಸೀಸದ ಬೆಸುಗೆಯೂ ಆಗಲ್ಲ. ಅದು 190 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ನೀರು ಆರಿದರೆ ಬಾಯ್ಲರ್ ಕ್ಷಣದಲ್ಲಿ ಅಷ್ಟು ಕಾಯುತ್ತೆ. ಬೆಳ್ಳಿ ಬೆಸುಗೆ ಕರಗೋಕೆ 600 ಡಿಗ್ರಿಗೂ ಹೆಚ್ಚು ಬೇಕು. ಆದರೆ ಅದು ಗೊತ್ತಿದ್ದವರ ಕೈಯಲ್ಲೇ ಆಗಬೇಕು.

ಬೆಸುಗೆ ಆದ ಮೇಲೆ ಪರೀಕ್ಷೆ ತಣ್ಣೀರಿನಲ್ಲಿ. ಬಾಯ್ಲರ್ ತುಂಬಾ ನೀರು ತುಂಬಿ, ಗಾಳಿ ಉಳಿಯದ ಹಾಗೆ ನೋಡಿಕೊಂಡು, ಓಡುವಾಗಿನ ಒತ್ತಡದ ಎರಡರಷ್ಟು ಕೊಡ್ತಾರೆ. ನೀರು ಕುಗ್ಗಲ್ಲ, ಹಾಗಾಗಿ ಒಡೆದರೂ ಚಿಮ್ಮಿ ನಿಲ್ಲುತ್ತೆ. ಗಾಳಿ ತುಂಬಿ ಇದೇ ಪರೀಕ್ಷೆ ಮಾಡಿದರೆ ಚೂರುಗಳು ಸಿಡಿಯುತ್ತವೆ. ಇಂಗ್ಲೆಂಡಿನ ಹವ್ಯಾಸಿ ಕ್ಲಬ್‌ಗಳಲ್ಲಿ ಇದಕ್ಕೇ ಅನುಭವಸ್ಥರು ಇರ್ತಾರೆ.

ಬೋರ್‌ವೆಲ್ ನೀರು ಬೇಡ

ಗಡಸು ನೀರಿನ ಸುಣ್ಣ ಒಳಗೆ ಪದರ ಕಟ್ಟಿ, ತೂತುಗಳನ್ನು ಮುಚ್ಚುತ್ತೆ. ಸೋಸಿದ ಮಳೆನೀರು ಒಳ್ಳೇದು. ಈಗಾಗಲೇ ಸುಣ್ಣ ಕಟ್ಟಿದ್ದರೆ ನಿಂಬೆ ಉಪ್ಪಿನ ತೆಳು ದ್ರಾವಣ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.

ಬಾಯ್ಲರ್ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಅಂತ ಗುಜರಿಗೆ ಹಾಕಬೇಕಿಲ್ಲ. ಸಿಲಿಂಡರ್ ಪೈಪಿಗೆ ನೇರವಾಗಿ ಕಡಿಮೆ ಒತ್ತಡದ ಗಾಳಿ ಬಿಟ್ಟರೂ ಚಕ್ರ ತಿರುಗುತ್ತೆ. ಉಗಿ ಇರಲ್ಲ ಅಷ್ಟೇ, ಮಕ್ಕಳು ಪಕ್ಕದಲ್ಲೇ ಕೂತು ನೋಡಬಹುದು.