ಬೀಗ ಒಡೆಯದೆ ಹೋಗುವ ಹಣ

ಸಂಸ್ಥೆಯೊಂದರ ದುಡ್ಡು ಆನ್‌ಲೈನ್ ವಂಚಕರ ಪಾಲಾಯಿತು ಎಂಬ ಸುದ್ದಿ ಬಂದಾಗಲೆಲ್ಲ ‘ಹ್ಯಾಕ್ ಮಾಡಿದ್ದಾರಂತೆ’ ಎಂಬ ಮಾತು ಜೊತೆಗೇ ಹುಟ್ಟುತ್ತದೆ. ಸ್ವಲ್ಪ ಕೆದಕಿ ನೋಡಿದರೆ ಎಷ್ಟೋ ಸಲ ಯಾರೂ ಏನನ್ನೂ ಒಡೆದಿರುವುದಿಲ್ಲ. ಬಿಲ್ ಬಂದಿರುತ್ತದೆ, ಲೆಕ್ಕ ವಿಭಾಗದವರು ಎಂಟ್ರಿ ಮಾಡಿರುತ್ತಾರೆ, ಮ್ಯಾನೇಜರ್ ಅಪ್ರೂವ್ ಮಾಡಿರುತ್ತಾರೆ, ಬ್ಯಾಂಕು ಪೈಸೆ ಹೆಚ್ಚುಕಡಿಮೆಯಿಲ್ಲದೆ ಕಳಿಸಿರುತ್ತದೆ. ಎಲ್ಲರೂ ದಿನಾ ಮಾಡುವ ಕೆಲಸವನ್ನೇ ಮಾಡಿದ್ದಾರೆ. ಹಣ ಹೋದ ಖಾತೆ ಮಾತ್ರ ಬೇರೆಯವರದ್ದು. ಆಂಟಿವೈರಸ್ ಕೊಂಡು, ಗೋಡೆಗೆ ‘ಓಟಿಪಿ ಹೇಳಬೇಡಿ’ ಎಂದು ಅಂಟಿಸಿ ನಿಶ್ಚಿಂತರಾಗುವ ಮೊದಲು ಕಚೇರಿಗಳಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಬಿಡಿಸಿ ನೋಡಬೇಕಾಗಿದೆ.

ತಪ್ಪು ಕಲ್ಪನೆ: ಇಂಥದ್ದಕ್ಕೆ ಬೀಳುವವರು ತಿಳಿವಳಿಕೆ ಇಲ್ಲದವರು.

ಸತ್ಯ: ಗೂಗಲ್ ಮತ್ತು ಫೇಸ್‌ಬುಕ್ ಎರಡೂ ಬಿದ್ದಿವೆ. ತೈವಾನಿನ ಕ್ವಾಂಟಾ ಕಂಪ್ಯೂಟರ್ ಎಂಬ ಕಂಪನಿ ಇಬ್ಬರಿಗೂ ಯಂತ್ರೋಪಕರಣ ಪೂರೈಸುತ್ತಿತ್ತು. ಲಿಥುವೇನಿಯದ ಒಬ್ಬಾತ ಅದೇ ಹೆಸರಿನಲ್ಲಿ ಲಾಟ್ವಿಯದಲ್ಲಿ ಇನ್ನೊಂದು ಕಂಪನಿ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆದು, 2013ರಿಂದ 2015ರವರೆಗೆ ಸುಳ್ಳು ಇನ್‌ವಾಯ್ಸ್ ಕಳಿಸುತ್ತ ಹೋದ. ಎರಡೂ ಕಂಪನಿಗಳು ಸೇರಿ ಅವನಿಗೆ ಕೊಟ್ಟದ್ದು 12 ಕೋಟಿ ಡಾಲರಿಗೂ ಹೆಚ್ಚು. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ 5 ವರ್ಷ ಸೆರೆವಾಸ ವಿಧಿಸಿತು. ಜಗತ್ತಿನ ಇಮೇಲನ್ನೆಲ್ಲ ಸೋಸಿ ಕೊಡುವ ಕಂಪನಿಯೇ ಇಮೇಲಿನಲ್ಲಿ ಬಂದ ಬಿಲ್ಲಿಗೆ ದುಡ್ಡು ಕಟ್ಟಿತು ಅಂದಮೇಲೆ ನಮ್ಮ ಪೀಣ್ಯದ ಕಾರ್ಖಾನೆ, ತಾಲ್ಲೂಕು ಕೇಂದ್ರದ ಸಹಕಾರ ಸಂಘ, ಶಿಕ್ಷಣ ಟ್ರಸ್ಟ್‌ಗಳ ಮಾತೇನು?

ಈ ಮೋಸ ನಮ್ಮಲ್ಲಿ ನಡೆಯುವ ಬಗೆಯೂ ಅದೇ. ವರ್ಷಗಳಿಂದ ಕಚ್ಚಾಮಾಲು ಕಳಿಸುತ್ತಿರುವ ಸರಬರಾಜುದಾರರಿಂದ ಒಂದು ಮೇಲ್ ಬರುತ್ತದೆ. ಹಳೆಯ ಪತ್ರವ್ಯವಹಾರದ ಸರಣಿ ಕೆಳಗೆ ಹಾಗೆಯೇ ಇದೆ. ಪರ್ಚೇಸ್ ಆರ್ಡರ್ ನಂಬರ್ ಸರಿ, ಮೊತ್ತ ಸರಿ, ಲೆಟರ್‌ಹೆಡ್ ಸರಿ. ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲದ ಪಾವತಿಯನ್ನು ಕೆಳಗಿನ ಖಾತೆಗೆ ಹಾಕಿ’ ಎಂಬ ಒಂದೇ ಸಾಲು ಹೊಸದು. ಕಳಿಸಿದವರ ವಿಳಾಸವನ್ನು ಕಣ್ಣು ಕಿರಿದು ಮಾಡಿ ನೋಡಿದರೆ, ಇಂಗ್ಲಿಷಿನ ‘ಎಂ’ ಇರಬೇಕಾದಲ್ಲಿ ‘ಆರ್’ ಮತ್ತು ‘ಎನ್’ ಅಕ್ಕಪಕ್ಕ ಕೂತಿರುತ್ತವೆ. ಮೊಬೈಲ್ ಪರದೆಯಲ್ಲಿ ಅದು ಕಾಣುವುದೇ ಇಲ್ಲ. ಕೆಲವು ಸಲ ವಿಳಾಸವೂ ಅಸಲಿಯೇ ಇರುತ್ತದೆ, ಏಕೆಂದರೆ ಸರಬರಾಜುದಾರರ ಮೇಲ್‌ಬಾಕ್ಸಿನೊಳಗೆ ವಂಚಕ ವಾರಗಟ್ಟಲೆ ಕೂತು, ಯಾವ ಬಿಲ್ ಯಾವಾಗ ಪಾವತಿಯಾಗುತ್ತದೆ ಎಂದು ಓದಿಕೊಂಡಿರುತ್ತಾನೆ. ಅಂಥಲ್ಲಿ ಕಣ್ಣಿಗೆ ಎಷ್ಟು ತರಬೇತಿ ಕೊಟ್ಟರೂ ಪ್ರಯೋಜನವಿಲ್ಲ.

ಕೆಲಸಕ್ಕೆ ಬರುವುದು ಒಂದೇ ನಿಯಮ: ಬ್ಯಾಂಕ್ ಖಾತೆ ಬದಲಾವಣೆಯ ಕೋರಿಕೆ ಯಾವ ದಾರಿಯಲ್ಲಿ ಬಂದರೂ, ನಮ್ಮ ಹಳೆಯ ಕಡತದಲ್ಲಿರುವ ನಂಬರಿಗೆ ನಾವೇ ಫೋನ್ ಮಾಡಿ ಕೇಳಬೇಕು. ಆ ಮೇಲ್‌ನ ಕೆಳಗೆ ಕೊಟ್ಟಿರುವ ನಂಬರಿಗಲ್ಲ. ಇದಕ್ಕೆ ಸಾಫ್ಟ್‌ವೇರ್ ಬೇಡ, ಬಜೆಟ್ ಬೇಡ.

ತಪ್ಪು ಕಲ್ಪನೆ: ಖಾತೆದಾರರ ಹೆಸರು ಹೊಂದದಿದ್ದರೆ ಬ್ಯಾಂಕೇ ಪಾವತಿಯನ್ನು ತಡೆಯುತ್ತದೆ.

ಸತ್ಯ: ತಡೆಯುವುದಿಲ್ಲ. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯೊಂದರ ಆಧಾರದ ಮೇಲೆ ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಸ್ಪಷ್ಟಪಡಿಸಿದೆ. ಹೆಸರಿನ ಜಾಗದಲ್ಲಿ ನಾವು ಏನು ಬರೆದರೂ ಅದು ಅಲಂಕಾರ. ಹಣ ಕಳಿಸುವ ಮುನ್ನ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆಮೇಲೆ ಬ್ಯಾಂಕುಗಳಿಗೆ ಸೂಚಿಸಿತು. ಆದರೆ ಆ ಹೆಸರನ್ನು ಓದಬೇಕಾದವರು ನಾವೇ. ‘ಟ್ರೇಡರ್ಸ್’ ಎಂದಿರಬೇಕಾದಲ್ಲಿ ಯಾರೋ ವ್ಯಕ್ತಿಯ ಹೆಸರು ಬಂದರೂ ಬ್ಯಾಂಕಿನ ಪರದೆ ಬೊಬ್ಬೆ ಹಾಕುವುದಿಲ್ಲ.

ತಪ್ಪು ಕಲ್ಪನೆ: ಸಾಹೇಬರನ್ನು ವಿಡಿಯೊ ಕಾಲ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ, ಇನ್ನೇನು ಅನುಮಾನ?

ಸತ್ಯ: ಅರೂಪ್ ಎಂಬ ಬ್ರಿಟಿಷ್ ಇಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯಲ್ಲಿ 2024ರ ಆರಂಭದಲ್ಲಿ ನಡೆದದ್ದನ್ನು ಗಮನಿಸಿ. ಗುಟ್ಟಾದ ವ್ಯವಹಾರವೊಂದಿದೆ ಎಂದು ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿ ಹಣಕಾಸು ವಿಭಾಗದ ನೌಕರರೊಬ್ಬರಿಗೆ ಸಂದೇಶ ಬಂತು. ಅವರಿಗೆ ಅನುಮಾನ ಬಂದಿತ್ತು, ಸರಿಯಾಗಿಯೇ ಬಂದಿತ್ತು. ಆಮೇಲೆ ವಿಡಿಯೊ ಸಭೆಗೆ ಕರೆದರು. ಅಲ್ಲಿ ಆ ಅಧಿಕಾರಿ ಇದ್ದರು, ಪರಿಚಿತ ಸಹೋದ್ಯೋಗಿಗಳಿದ್ದರು, ದನಿಯೂ ಅವರದೇ. ಅನುಮಾನ ಹೋಯಿತು. 5 ಖಾತೆಗಳಿಗೆ 15 ಕಂತುಗಳಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಸಭೆಯಲ್ಲಿ ಆ ನೌಕರರನ್ನು ಬಿಟ್ಟು ಮಿಕ್ಕವರೆಲ್ಲ ಡೀಪ್‌ಫೇಕ್. ಕೊನೆಗೆ ಮುಖ್ಯ ಕಚೇರಿಯನ್ನು ವಿಚಾರಿಸಿದಾಗಲೇ ಮೋಸ ಬಯಲಾದದ್ದು.

ಇಲ್ಲಿ ತಂತ್ರಜ್ಞಾನಕ್ಕಿಂತ ನನ್ನ ಗಮನ ಹೋಗುವುದು ‘ಗುಟ್ಟು’ ಎಂಬ ಮಾತಿನ ಕಡೆಗೆ. ತುರ್ತು ಇದೆ, ಯಾರಿಗೂ ಹೇಳಬೇಡ, ಮೇಲಿನವರ ಅಪ್ಪಣೆ: ಈ ಮೂರೂ ಒಟ್ಟಿಗೆ ಬಂದರೆ ಅದು ವಂಚನೆ ಎಂದೇ ಹಿಡಿದು ನಡೆಯುವುದು ಕ್ಷೇಮ. ಮುಖ ಅಸಲಿಯೋ ನಕಲಿಯೋ ಎಂದು ಕಣ್ಣು ಮಿಟುಕುವುದನ್ನು ಎಣಿಸುತ್ತ ಕೂರುವ ಬದಲು ಕಾಲ್ ಕಟ್ ಮಾಡಿ ಆ ಅಧಿಕಾರಿಯ ನಂಬರಿಗೆ ಫೋನ್ ಮಾಡುವುದು ಸುಲಭ. ಆದರೆ ‘ಸರ್, ನೀವೇನಾ ಹೇಳಿದ್ದು?’ ಎಂದು ಗುಮಾಸ್ತರೊಬ್ಬರು ಕೇಳಿದರೆ ರೇಗುವ ಮಾಲೀಕರು ನಮ್ಮಲ್ಲಿ ಕಡಿಮೆಯಿಲ್ಲ. ವಂಚಕನ ಬಂಡವಾಳವೇ ಆ ರೇಗಾಟ. ಮಾಲೀಕರೇ ಸಿಬ್ಬಂದಿಯ ಎದುರು ನಿಂತು, ‘ನನ್ನ ಹೆಸರಲ್ಲಿ ಯಾರು ದುಡ್ಡು ಕೇಳಿದರೂ ನನಗೆ ಫೋನ್ ಮಾಡಿ, ರಾತ್ರಿ ಹನ್ನೊಂದಾದರೂ ಪರವಾಗಿಲ್ಲ’ ಎಂದು ಒಂದು ಸಲ ಬಾಯಿಬಿಟ್ಟು ಹೇಳಬೇಕು.

ತಪ್ಪು ಕಲ್ಪನೆ: ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುತ್ತೇವೆ, ಓಟಿಪಿಯೂ ಇದೆ. ನಾವು ಭದ್ರ.

ಸತ್ಯ: ಕಾರಣವಿಲ್ಲದೆ ಪದೇ ಪದೇ ಪಾಸ್‌ವರ್ಡ್ ಬದಲಾಯಿಸುವಂತೆ ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. ಒತ್ತಾಯಿಸಿದರೆ ಜನ ಕೊನೆಯ ಅಂಕಿಯನ್ನು ಒಂದೊಂದು ಏರಿಸುತ್ತ ಹೋಗುತ್ತಾರೆ, ಅಷ್ಟೆ. ಓಟಿಪಿಯನ್ನು ನಕಲಿ ಪುಟದಲ್ಲಿ ನಮ್ಮಿಂದಲೇ ಬರೆಸಿಕೊಳ್ಳಬಹುದು. 2022ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಮೂವರು ನೌಕರರು ಇಂಥ ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆದೇಬಿಟ್ಟರು. ಆದರೂ ವಂಚಕರು ಒಳಗೆ ಬರಲಾಗಲಿಲ್ಲ, ಏಕೆಂದರೆ ಅಲ್ಲಿ ಲಾಗಿನ್‌ಗೆ ಯುಎಸ್‌ಬಿಗೆ ಚುಚ್ಚುವ ಸೆಕ್ಯೂರಿಟಿ ಕೀ ಬೇಕಿತ್ತು, ಅದು ಅಸಲಿ ಜಾಲತಾಣಕ್ಕಷ್ಟೇ ಉತ್ತರ ಕೊಡುತ್ತದೆ. ಎಲ್ಲ ಸಿಬ್ಬಂದಿಗೆ ಆಗದಿದ್ದರೂ, ಹಣ ಕಳಿಸುವ ಇಬ್ಬರು ಮೂವರ ಮೇಲ್ ಖಾತೆಗಳಿಗಾದರೂ ಅಂಥ ಕೀ ಕೊಡಿಸಬಹುದು.

ತಪ್ಪು ಕಲ್ಪನೆ: ನಮ್ಮಲ್ಲಿ ಇಬ್ಬರ ಅಪ್ರೂವಲ್ ಇದೆ; ಜೊತೆಗೆ ಅವರು ಇಪ್ಪತ್ತು ವರ್ಷದ ನಂಬಿಗಸ್ಥರು.

ಸತ್ಯ: ಕಾಗದದ ಮೇಲೆ ಇಬ್ಬರು. ಸಣ್ಣ ಕಚೇರಿಗಳಲ್ಲಿ ಮಾಲೀಕರ ಯೂಸರ್ ಐಡಿ, ಪಾಸ್‌ವರ್ಡ್ ಮತ್ತು ಓಟಿಪಿ ಬರುವ ಮೊಬೈಲ್ ಮೂರೂ ಅಕೌಂಟೆಂಟರ ಡ್ರಾಯರಿನಲ್ಲಿರುತ್ತವೆ. ಆಗ ಎಂಟ್ರಿ ಮಾಡುವವರೂ ಅಪ್ರೂವ್ ಮಾಡುವವರೂ ಒಬ್ಬರೇ. ತಾಳೆ ನೋಡುವ ಎರಡನೇ ಕಣ್ಣಿಲ್ಲದಿದ್ದರೆ ದೊಡ್ಡ ಬ್ಯಾಂಕೂ ಬೀಳುತ್ತದೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯೊಂದರಲ್ಲಿ 2018ರಲ್ಲಿ ಬಯಲಾದ 13,000 ಕೋಟಿ ರೂಪಾಯಿಗೂ ಮೀರಿದ ಹಗರಣಕ್ಕೆ ದಾರಿಯಾದದ್ದು ಒಂದು ಬಿರುಕು: ವಿದೇಶಿ ಬ್ಯಾಂಕುಗಳಿಗೆ ಸಂದೇಶ ಕಳಿಸುವ ಸ್ವಿಫ್ಟ್ ವ್ಯವಸ್ಥೆ ಬ್ಯಾಂಕಿನ ಕೋರ್ ಲೆಕ್ಕಕ್ಕೆ ಜೋಡಣೆಯಾಗಿರಲಿಲ್ಲ. ಹೊರಗೆ ಹೋದ ಸಂದೇಶ ಒಳಗಿನ ಪುಸ್ತಕದಲ್ಲಿ ಇರಲೇ ಇಲ್ಲ.

ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಸತತ 10 ಕೆಲಸದ ದಿನ, ಮುಂಚಿತವಾಗಿ ತಿಳಿಸದೆ ರಜೆಯ ಮೇಲೆ ಕಳಿಸಬೇಕೆಂದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಇದು ನಂಬಿಕೆಯ ಕೊರತೆಯಲ್ಲ. ಬೇರೊಬ್ಬರು ಆ ಕುರ್ಚಿಯಲ್ಲಿ ಕೂತಾಗ ತಾಳೆಯಾಗದ ಲೆಕ್ಕ ತಾನೇ ಮೇಲೆ ಬರುತ್ತದೆ. ವಂಚನೆ ಪರೀಕ್ಷಕರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಂಸ್ಥೆಯೊಳಗಿನ ವಂಚನೆಗಳಲ್ಲಿ ಶೇ 43ರಷ್ಟು ಬಯಲಾದದ್ದು ಯಾರೋ ಕೊಟ್ಟ ಸುಳಿವಿನಿಂದ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಲ್ಲಿನ ನೌಕರರೇ. ಲೆಕ್ಕಪರಿಶೋಧಕರಿಗಿಂತ ಮೊದಲು ಪಕ್ಕದ ಟೇಬಲ್ಲಿನವರಿಗೆ ಗೊತ್ತಿರುತ್ತದೆ. ಹೆಸರು ಹೇಳದೆ ದೂರು ಕೊಡುವ ದಾರಿ ನಿಮ್ಮ ಸಂಸ್ಥೆಯಲ್ಲಿ ಇದೆಯೇ?

ತಪ್ಪು ಕಲ್ಪನೆ: ಹಣ ಹೋದದ್ದು ಗೊತ್ತಾದರೆ ಮೊದಲು ಒಳಗೇ ವಿಚಾರಿಸೋಣ, ಪೊಲೀಸರ ಹತ್ತಿರ ಹೋದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆ.

ಸತ್ಯ: ವಂಚಕರಿಗೆ ಬೇಕಾಗಿರುವುದು ಈ ವಿಳಂಬವೇ. ಹಣ ಮೊದಲ ಖಾತೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಾಡಿಗೆ ಖಾತೆಗಳ ಮೂಲಕ ಹರಿದು ಹಂಚಿಹೋಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ವಿವರ ಬ್ಯಾಂಕುಗಳೂ ಪೊಲೀಸರೂ ಒಟ್ಟಿಗೆ ನೋಡುವ ವ್ಯವಸ್ಥೆಗೆ ಹೋಗಿ, ಖಾತೆಯಲ್ಲಿ ಉಳಿದಷ್ಟಾದರೂ ತಡೆಹಿಡಿಯಲು ಅವಕಾಶವಾಗುತ್ತದೆ. ಅದೇ ಹೊತ್ತಿಗೆ ನಮ್ಮ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಕಂಪ್ಯೂಟರಿನೊಳಗೆ ಯಾರೋ ನುಗ್ಗಿದ್ದಾರೆ ಎಂದಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡುವುದು 2022ರಿಂದ ಕಡ್ಡಾಯ. ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳುವುದೂ ಅದೇ ಆದೇಶದಲ್ಲಿದೆ.

ಇಲ್ಲಿ ನಮ್ಮ ಐಟಿ ಹುಡುಗರ ಉತ್ಸಾಹವೊಂದನ್ನು ತಡೆಯಬೇಕು. ‘ವೈರಸ್ ಇದೆ ಸರ್’ ಎಂದು ಆ ಕಂಪ್ಯೂಟರನ್ನು ಕೂಡಲೇ ಫಾರ್ಮ್ಯಾಟ್ ಮಾಡಿದರೆ ಸಾಕ್ಷ್ಯವೆಲ್ಲ ಹೋದಂತೆ. ನೆಟ್‌ವರ್ಕ್ ಕೇಬಲ್ ಕಿತ್ತು, ಯಂತ್ರವನ್ನು ಹಾಗೆಯೇ ಬಿಡಿ. ವಂಚಕರು ಕಳಿಸಿದ ಮೇಲನ್ನೂ ಅಳಿಸಬೇಡಿ.

ತಪ್ಪು ಕಲ್ಪನೆ: ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ತುಂಬಿಕೊಡುತ್ತದೆ.

ಸತ್ಯ: ಈ ಮೂರು ದಿನದ ಮಾತಿರುವ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಅನಧಿಕೃತ ವಹಿವಾಟಿಗೆ ಸಂಬಂಧಿಸಿದ್ದು. ನಾವೇ ಲಾಗಿನ್ ಆಗಿ, ನಾವೇ ಅಪ್ರೂವ್ ಮಾಡಿದ ಪಾವತಿಯನ್ನು ಅನಧಿಕೃತ ಎಂದು ವಾದಿಸಿ ಗೆಲ್ಲುವುದು ಕಷ್ಟ.

ತಪ್ಪು ಕಲ್ಪನೆ: ಕ್ಲಿಕ್ ಮಾಡಿದವರನ್ನು ಕೆಲಸದಿಂದ ತೆಗೆದರೆ ಉಳಿದವರು ಹುಷಾರಾಗುತ್ತಾರೆ.

ಸತ್ಯ: ಹುಷಾರಾಗುತ್ತಾರೆ, ಮುಂದಿನ ಸಲ ತಪ್ಪನ್ನು ಮುಚ್ಚಿಡುವುದರಲ್ಲಿ. ಹೆದರಿ ಒಂದು ದಿನ ಸುಮ್ಮನಿದ್ದ ನೌಕರನಿಂದ ಆಗುವ ನಷ್ಟ, ಕ್ಲಿಕ್ಕಿನಿಂದ ಆದದ್ದಕ್ಕಿಂತ ದೊಡ್ಡದು.

ತಪ್ಪು ಕಲ್ಪನೆ: ಕಚೇರಿ ಮುಚ್ಚಿದ ದಿನ ಹಣವೂ ಮಲಗಿರುತ್ತದೆ.

ಸತ್ಯ: ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ರಜೆ ನೋಡಿ ಮುಹೂರ್ತ ಇಡುವುದು ವಂಚಕರಿಗೆ ಹಳೆಯ ಅಭ್ಯಾಸ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕ್‌ಗೆ 35 ಸುಳ್ಳು ಪಾವತಿ ಸಂದೇಶಗಳು ಹೋದದ್ದು 2016ರ ಫೆಬ್ರವರಿ 4ರ ಗುರುವಾರ ರಾತ್ರಿ. ಮರುದಿನ ಢಾಕಾದಲ್ಲಿ ವಾರದ ರಜೆ, ಆಮೇಲೆ ನ್ಯೂಯಾರ್ಕ್‌ನಲ್ಲಿ ರಜೆ, ಸೋಮವಾರ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. ಸಂದೇಶಗಳನ್ನು ತಾನಾಗಿ ಮುದ್ರಿಸಬೇಕಿದ್ದ ಪ್ರಿಂಟರ್ ಶುಕ್ರವಾರ ಬೆಳಿಗ್ಗೆ ಕೆಲಸ ಮಾಡಲಿಲ್ಲ. ಎಂದಿನ ತೊಂದರೆ ಇರಬೇಕೆಂದು ಸಿಬ್ಬಂದಿ ಬಿಟ್ಟರು. 8.1 ಕೋಟಿ ಡಾಲರ್ ಮನಿಲಾ ತಲುಪಿತು. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿ ಹೋದಾಗಲೂ ಹಾಗೆಯೇ. 28 ದೇಶಗಳ ಎಟಿಎಂಗಳಿಂದ ಹಣ ತೆಗೆಯುವುದು ಆರಂಭವಾದದ್ದು 2018ರ ಆಗಸ್ಟ್ 11ರಂದು, ಅಂದರೆ ಎರಡನೇ ಶನಿವಾರ.

ಮುಂದಿನ ಎರಡನೇ ಶನಿವಾರಕ್ಕೆ ಮುನ್ನ ನಿಮ್ಮ ಕಚೇರಿಯಲ್ಲಿ ಒಂದು ಹಾಳೆ ಬರೆದಿಡಿ: ರಜೆಯ ದಿನ ಬ್ಯಾಂಕಿನ ಎಸ್ಸೆಮ್ಮೆಸ್ ಯಾರ ಮೊಬೈಲಿಗೆ ಬರುತ್ತದೆ, ಗುರುತು ಸಿಗದ ಪಾವತಿ ಕಂಡರೆ ಖಾತೆ ತಡೆಹಿಡಿಸಲು ಬ್ಯಾಂಕಿನ ಯಾವ ನಂಬರಿಗೆ ಕರೆ ಮಾಡಬೇಕು, ಯಾರನ್ನೂ ಕೇಳದೆ 1930ಕ್ಕೆ ಫೋನ್ ಮಾಡುವ ಅಧಿಕಾರ ಯಾರಿಗಿದೆ. ಬರೆದ ಮೇಲೆ ಆ ಬ್ಯಾಂಕ್ ನಂಬರಿಗೆ ಒಮ್ಮೆ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ಎಂದೂ ನೋಡಿ.