ಬೋರ್ಡಿನಲ್ಲಿ ಬರೆದಿದ್ದೆಲ್ಲ ಕಾನೂನಲ್ಲ

ಕಾಫಿ ಕೊಯ್ಲಿನ ದಿನಗಳಲ್ಲಿ, ಬಟವಾಡೆಯ ಮರುದಿನ, ಮೂಡಿಗೆರೆ ಕಳಸದ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತೋಟದ ಕೆಲಸದವರು ಮಕ್ಕಳಿಗೆ ಅಂಗಿ, ಅಮ್ಮನಿಗೊಂದು ಸೀರೆ ಅಂತ ಬಂದು ಎಣಿಸಿ ಎಣಿಸಿ ದುಡ್ಡು ಕೊಡುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಬೋರ್ಡು ಇರುತ್ತದೆ: ‘ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.’ ಅದನ್ನು ಕಾನೂನೆಂದೇ ನಂಬಿದವರು ಬಹಳ. ಬೋರ್ಡು ಬರೆಸಿದ ಮಾಲೀಕರಲ್ಲೂ ಎಷ್ಟೋ ಜನ ಹಾಗೇ ನಂಬಿದ್ದಾರೆ.

ಕಾನೂನು ಹೇಳುವುದು ಬೇರೆಯೇ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಹಿಂತಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಇಂತಿಷ್ಟು ದಿನ ಎಂದು ಬರೆದಿದ್ದರೆ ಅಷ್ಟು ದಿನ. ಏನೂ ಬರೆದಿಲ್ಲದಿದ್ದರೆ 30 ದಿನ. ಮೊದಲ ಒಗೆತಕ್ಕೇ ಅಂಚಿನ ಬಣ್ಣ ಸೀರೆಯ ಒಡಲಿಗೆಲ್ಲ ಹರಡಿತೋ, ತೊಟ್ಟ ದಿನವೇ ಅಂಗಿಯ ಹೊಲಿಗೆ ಬಿಟ್ಟಿತೋ, ಹಿಡಿದುಕೊಂಡು ಹೋಗಿ ಕೇಳುವುದು ನಿಮ್ಮ ಹಕ್ಕು. ಆದರೆ ಗಿರಾಕಿಗಳಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಮನೆಗೆ ಒಯ್ದ ಮೇಲೆ ಬಣ್ಣ ಹಿಡಿಸಲಿಲ್ಲ, ನಾದಿನಿ ಚೆನ್ನಾಗಿಲ್ಲ ಅಂದಳು ಎಂದರೆ ಅದು ದೋಷವಲ್ಲ. ಅಂಥದ್ದನ್ನೂ ಬದಲಾಯಿಸಿಕೊಡುವ ಅಂಗಡಿಗಳು ನಮ್ಮಲ್ಲಿ ಸಾಕಷ್ಟಿವೆ. ಅದು ಅವರು ಉಳಿಸಿಕೊಂಡು ಬಂದ ಒಳ್ಳೆಯತನ.

‘ಬಿಲ್ ಬೇಕಾದರೆ ಜಿಎಸ್‌ಟಿ ಮೇಲೆ ಬೀಳುತ್ತೆ’ ಎನ್ನುವ ಮಾತೂ ಸಲ್ಲದು. ಬಿಲ್ ಕೊಡದಿರುವುದನ್ನೂ ಅದೇ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಅಂಗಡಿ ಆ ತೆರಿಗೆಯನ್ನು ಕೇಳುವಂತೆಯೇ ಇಲ್ಲ. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾನೇ ಕಟ್ಟುವ ಕಾಂಪೊಸಿಷನ್ ಪದ್ಧತಿಯ ಸಣ್ಣ ವ್ಯಾಪಾರಿಯೂ ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಎಂಆರ್‌ಪಿ ಚೀಟಿ ಇರುವ ಬಟ್ಟೆಯ ಬೆಲೆಯಲ್ಲಂತೂ ಎಲ್ಲ ತೆರಿಗೆಯೂ ಸೇರಿರುತ್ತದೆ. ಶೇ. 40ರ ರಿಯಾಯಿತಿಯಲ್ಲಿ ಜಾಕೆಟ್ ಮಾರಿ, ಇಳಿಸಿದ ಬೆಲೆಯ ಮೇಲೆ 119.85 ರೂಪಾಯಿ ವ್ಯಾಟ್ (ಜಿಎಸ್‌ಟಿಗೆ ಮೊದಲಿದ್ದ ತೆರಿಗೆ) ಹಾಕಿದ್ದ ವುಡ್‌ಲ್ಯಾಂಡ್ ಮಳಿಗೆಯ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಉದ್ರಿ ಪುಸ್ತಕದಲ್ಲಿ ಬರೆಸಿ ಬಟ್ಟೆ ಒಯ್ಯುವವರು ಬಿಲ್ ಕೇಳಲು ಹಿಂಜರಿಯುತ್ತಾರೆ, ಸಾಲ ಕೊಟ್ಟವರನ್ನು ಕೇಳುವುದು ಹೇಗೆ ಎಂಬ ದಾಕ್ಷಿಣ್ಯ. ಉದ್ರಿಯಾದರೂ ಅದು ಮಾರಾಟವೇ, ಬಿಲ್ ಕೇಳಬೇಕು.

ಮುನ್ನೂರು ರೂಪಾಯಿ ಅಂಗಿಗಾಗಿ ದೂರು ಕೊಡಲು ಕಳಸದಿಂದ ಚಿಕ್ಕಮಗಳೂರಿಗೆ ಯಾರು ಅಲೆಯುತ್ತಾರೆ? ಅಲೆಯುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಆಯಿತು. ಜಿಲ್ಲಾ ಆಯೋಗಕ್ಕೆ ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ.

ಇಷ್ಟೆಲ್ಲ ಗಿರಾಕಿಯ ಮಾತಾಯಿತು. ಆ ಬೋರ್ಡಿನ ಬಿಸಿ ದಿನವೂ ತಟ್ಟುವುದು ಕೌಂಟರಿನ ಆಚೆ ನಿಂತ ಹುಡುಗಿಗೆ. ವಾಪಸ್ ತಂದವರ ಬೈಗುಳ ಅವಳಿಗೆ, ವಾಪಸ್ ತೆಗೆದುಕೊಂಡರೆ ಮಾಲೀಕರ ಬೈಗುಳವೂ ಅವಳಿಗೇ. ಒಬ್ಬರಿಗೆ ಹತ್ತಾರು ಸೀರೆ ಬಿಚ್ಚಿ ತೋರಿಸಿ, ಅವರು ‘ಬರ್ತೀವಿ’ ಅಂತ ಎದ್ದು ಹೋದ ಮೇಲೆ ಒಂದೊಂದನ್ನೂ ನೆರಿಗೆ ತಪ್ಪದಂತೆ ಮಡಚಿಡಬೇಕು, ಅದೂ ನಿಂತುಕೊಂಡೇ. ಸೇಲ್ಸ್‌ನವರು ಕೂತರೆ ಗಿರಾಕಿಗೆ ಅಗೌರವ ಎಂಬುದು ಈ ವ್ಯಾಪಾರದ ಅತಿ ಕ್ರೂರ ನಂಬಿಕೆ ಎಂದೇ ನನಗೆ ಅನಿಸುತ್ತದೆ. ಹಳೆಯ ಜವಳಿ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಬಿಳಿ ಹಾಸು ಹೊದಿಸಿದ ಗಾದಿಯ ಮೇಲೆ ಸೇಠರೂ ಕೂತು, ಗುಮಾಸ್ತರೂ ಕೂತು, ಗಿರಾಕಿಯೂ ಕೂತು ವ್ಯಾಪಾರ ನಡೆಯುತ್ತಿತ್ತು. ಯಾರ ಗೌರವವೂ ಕಡಿಮೆಯಾಗಲಿಲ್ಲ. ಗಾಜಿನ ಶೋರೂಮ್ ಬಂದ ಮೇಲೆ ಗಾದಿ ಹೋಯಿತು, ದುಡಿಯುವವರಿಗೆ ಕುರ್ಚಿ ಮಾತ್ರ ಬರಲಿಲ್ಲ.

ಪಕ್ಕದ ಕೇರಳದಲ್ಲಿ ಕುರ್ಚಿಗಾಗಿಯೇ ಹೋರಾಟ ನಡೆಯಿತು. ಕೋಯಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಅಂಗಡಿ ಹೆಂಗಸರನ್ನು ‘ಪೆಣ್‌ಕೂಟ್ಟು’ ಎಂಬ ಸಂಘಟನೆಯಲ್ಲಿ ಸೇರಿಸಿ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಆಸನ ಕಡ್ಡಾಯ ಮಾಡಿದವು. ಆ ಮೇಲೆ ಅಲ್ಲಿನ ಜನ ಸೀರೆ ಕೊಳ್ಳುವುದನ್ನೇನೂ ಬಿಟ್ಟಿಲ್ಲ.

‘ನಮ್ಮದು ಸಣ್ಣ ಅಂಗಡಿ, ಮನೆಯವರ ಹಾಗೆ ನೋಡಿಕೊಳ್ತೀವಿ, ಕಾಯ್ದೆಗೀಯ್ದೆ ದೊಡ್ಡ ಕಂಪನಿಗಳಿಗೆ’ ಎನ್ನುವ ಮಾಲೀಕರು ನಮ್ಮಲ್ಲಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದೊಡ್ಡ ಕಂಪನಿಗಳಿಗಷ್ಟೇ ಮಾಡಿದ್ದಲ್ಲ. ದುಡಿಮೆಯ ಅವಧಿ, ನಡುವಿನ ಬಿಡುವು, ವಾರದ ರಜೆ ಎಲ್ಲವನ್ನೂ ಅದು ಹೇಳುತ್ತದೆ. ಹಬ್ಬದ ಸೀಸನ್ನಿನಲ್ಲಿ ಅವಧಿ ಮೀರಿ ದುಡಿಸಿದರೆ ಆ ಹೊತ್ತಿಗೆ ಎರಡರಷ್ಟು ಸಂಬಳ.

ಸ್ಟಾಕ್ ಎಣಿಸುವಾಗ ಒಂದು ಸೀರೆ ಕಡಿಮೆ ಬಂದರೆ ಎಲ್ಲರ ಸಂಬಳದಲ್ಲಿ ಹಂಚಿ ಹಿಡಿಯುವ ರೂಢಿಯೂ ಇದೆ. ಹಾಗೆ ಹಿಡಿಯುವಂತಿಲ್ಲ. ನಷ್ಟವಾದದ್ದು ಇಂಥವರದೇ ನಿರ್ಲಕ್ಷ್ಯದಿಂದ ಎಂದು ತೋರಬೇಕು, ಅವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಟ್ಟಿರಬೇಕು, ಹಿಡಿಯುವ ಮೊತ್ತ ನಷ್ಟಕ್ಕಿಂತ ಹೆಚ್ಚಿರಕೂಡದು. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕೆಂದೂ 1961ರ ಆ ಕಾಯ್ದೆಯಲ್ಲಿದೆ. ಆ ಒಂದು ಹಾಳೆ ಕೈಯಲ್ಲಿದ್ದರೆ, ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದಾಗ ‘ಈ ಹುಡುಗಿ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದು ಯಾರೂ ಹೇಳಲಾರರು.